ಸತ್ತ ಹಲ್ಲಿಗೆ ಬಿಳುಪು

ಹಲ್ಲು ಸತ್ತರೂ ಬಾಯಲ್ಲೇ ಇರುತ್ತದೆ. ಒಳಗಿನ ನರ, ರಕ್ತನಾಳಗಳೆಲ್ಲ ಸತ್ತು ವರ್ಷಗಳು ಕಳೆದರೂ ಅದು ತನ್ನ ಗೂಡಿನಲ್ಲಿ ಭದ್ರವಾಗಿ ಕೂತು ಚಕ್ಕುಲಿ ಕಡಿಯುತ್ತದೆ, ಕಬ್ಬು ಸಿಗಿಯುತ್ತದೆ, 'ತ' 'ದ' ಎನ್ನುವಾಗ ನಾಲಿಗೆಗೆ ಆಸರೆ ಕೊಡುತ್ತದೆ. ತಾನು ಸತ್ತಿದ್ದೇನೆ ಎಂದು ಅದು ಊರಿಗೆ ಸಾರುವುದು ಬಣ್ಣದಿಂದ. ಮೊದಲು ತುಸು ಗುಲಾಬಿ, ಆಮೇಲೆ ಕಂದು, ಕೊನೆಗೆ ಸೀಸದಂಥ ಬೂದು. ಸಾಲಿನಲ್ಲಿ ಉಳಿದವೆಲ್ಲ ಬೆಳ್ಳಗಿದ್ದು ಮುಂದಿನದೊಂದು ಮಾತ್ರ ಕಪ್ಪಾದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಈ ಒಂದು ಹಲ್ಲನ್ನು ಕೀಳದೆ, ಅದರ ಮೇಲೆ ಚಿನ್ನದ್ದೋ ಪಿಂಗಾಣಿಯದೋ ಟೊಪ್ಪಿಗೆ ಹಾಕದೆ, ಒಳಹೊಕ್ಕು ಬೆಳ್ಳಗೆ ಮಾಡಲು ಮನುಷ್ಯರು ಮಾಡಿದ ಪ್ರಯತ್ನಗಳಿಗೆ ನೂರೆಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ವೈದ್ಯಕೀಯ ಇತಿಹಾಸದ ದೊಡ್ಡ ಪುಸ್ತಕಗಳಲ್ಲಿ ಅದಕ್ಕೆ ಜಾಗ ಕಡಿಮೆ. ನಾನು ಅದರ ಬೆನ್ನು ಹತ್ತಿದ್ದು ಆ ಕಥೆಯಲ್ಲಿ ಬಟ್ಟೆ ಒಗೆಯುವವರೂ ಬರುತ್ತಾರೆ ಎಂದು ಗೊತ್ತಾದ ಮೇಲೆ.

ಹೊರಗಿನಿಂದ ಹಲ್ಲುಜ್ಜಿ ಬೆಳ್ಳಗೆ ಮಾಡುವ ಆಸೆ ಬಹಳ ಹಳೆಯದು. ನಮ್ಮಲ್ಲಿ ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಬೂದಿ ಇದ್ದವು. ಇಪ್ಪತ್ತನೆಯ ಶತಮಾನದಲ್ಲಿ ನಂಜನಗೂಡಿನ ಹಲ್ಲುಪುಡಿ ಮನೆಮನೆಯ ಬಚ್ಚಲ ಗೂಡಿಗೆ ಬಂತು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಕವಿ ಕಟುಲಸ್, ಸದಾ ಹಲ್ಲು ಕಿಸಿಯುವ ಎಗ್ನೇಷಿಯಸ್ ಎಂಬ ಸ್ಪೇನಿನವನನ್ನು ಗೇಲಿ ಮಾಡಲೆಂದೇ ಒಂದು ಕವಿತೆ ಬರೆದ. ಆ ಸೀಮೆಯವರು ಹಲ್ಲಿನ ಬಿಳುಪಿಗೆ ಮೂತ್ರ ಬಳಸುತ್ತಾರೆಂಬುದು ಅವನ ಲೇವಡಿಯ ಮೂಲ. ಮುಂದೆ ಯುರೋಪಿನ ಕ್ಷೌರಿಕ ವೈದ್ಯರು ಹಲ್ಲನ್ನು ಅರದಿಂದ ಉಜ್ಜಿ ನೈಟ್ರಿಕ್ ಆಮ್ಲ ಹಚ್ಚಿದರು. ಹಲ್ಲು ಆಗ ಹೊಳೆಯಿತು, ಆಮೇಲೆ ಸವೆದು ಹುಳುಕಾಯಿತು. ಇವೆಲ್ಲ ಮೇಲ್ಮೈಯ ಕೊಳೆಯನ್ನು ತೆಗೆಯುವ ಉಪಾಯಗಳು. ಎಲೆ ಅಡಿಕೆಯ ಕೆಂಪು, ಹೊಗೆಸೊಪ್ಪಿನ ಕಂದು, ಕಾಫಿಯ ಕಲೆ ಇವುಗಳಿಂದ ಅಷ್ಟಿಷ್ಟು ಹೋದೀತು. ಸತ್ತ ಹಲ್ಲಿನ ಬೂದು ಇದ್ಯಾವುದಕ್ಕೂ ಜಗ್ಗುವುದಿಲ್ಲ. ಅದರ ಬೇರು ಒಳಗಿದೆ.

ಹಲ್ಲಿನ ಹೊರಕವಚವಾದ ಎನಾಮಲ್ ಗಟ್ಟಿ, ಆದರೆ ಅರೆಪಾರದರ್ಶಕ. ಮಂಜುಗಾಜಿನಾಚೆಯ ದೀಪದ ಬಣ್ಣ ಈಚೆ ಕಾಣುವಂತೆ, ನಮಗೆ ಕಾಣುವ ಹಲ್ಲಿನ ಬಣ್ಣ ಬಹುಪಾಲು ಅದರಡಿಯ ಡೆಂಟಿನ್‌ನದು. ಡೆಂಟಿನ್ ನೋಡಲು ಮೂಳೆಯಂತಿದ್ದರೂ ತುಂಬ ಸೂಕ್ಷ್ಮವಾದ ಕೊಳವೆಗಳ ಕಟ್ಟು. ಒಳಗಿನ ತಿರುಳಿನ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 45,000 ಕೊಳವೆಗಳಿರುತ್ತವೆ. ದಂತವೈದ್ಯರು ಪಲ್ಪ್ ಎನ್ನುವ ಆ ತಿರುಳಿನಲ್ಲೇ ನರ, ರಕ್ತನಾಳಗಳಿರುವುದು.

ಮಗು ಜಾರಿ ಬಿದ್ದು ಮುಂಬಲ್ಲು ಕಲ್ಲಿಗೆ ಬಡಿಯಿತೆನ್ನಿ. ಹಲ್ಲು ಮುರಿಯದೇ ಇರಬಹುದು. ಒಳಗಿನ ರಕ್ತನಾಳಗಳು ಮಾತ್ರ ಒಡೆದು ರಕ್ತ ಆ ಕೊಳವೆಗಳಿಗೆ ನುಗ್ಗುತ್ತದೆ. ಹಲ್ಲು ಮೊದಲು ಗುಲಾಬಿ ಬಣ್ಣಕ್ಕೆ ತಿರುಗುವುದು ಇದರಿಂದ. ತಿರುಳು ಚೇತರಿಸಿಕೊಂಡರೆ ಬಣ್ಣ ತಿಳಿಯಾಗುವುದೂ ಉಂಟು. ಸತ್ತರೆ ಕೆಂಪು ಕಣಗಳು ಒಡೆಯುತ್ತವೆ, ಹಿಮೋಗ್ಲೋಬಿನ್ ಕೊಳೆಯುತ್ತದೆ, ಅದರಲ್ಲಿದ್ದ ಕಬ್ಬಿಣ ಅಲ್ಲೇ ಉಳಿಯುತ್ತದೆ. ಆ ಕಬ್ಬಿಣ ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಜೊತೆ ಸೇರಿ ಕಪ್ಪು ಐರನ್ ಸಲ್ಫೈಡ್ ಆಗುತ್ತದೆ ಎಂಬುದು ಪಠ್ಯಪುಸ್ತಕಗಳು ಬಹುಕಾಲದಿಂದ ಕೊಡುತ್ತ ಬಂದಿರುವ ವಿವರಣೆ. ಕೆಲವೊಮ್ಮೆ ಕಪ್ಪಿಗೆ ಕಾರಣ ವೈದ್ಯನೇ. ಮೂಲೆಯಲ್ಲಿ ಬಿಟ್ಟುಹೋದ ತಿರುಳಿನ ಚೂರು, ಬೆಳ್ಳಿಯ ಪುಡಿ ಸೇರಿದ ಬೇರಿನ ಸಿಮೆಂಟು, ಹಿಂದಿನಿಂದ ತುಂಬಿದ ಪಾದರಸದ ಮಿಶ್ರಣ, ಇವೆಲ್ಲ ಹಲ್ಲಿಗೆ ಒಳಗಿನಿಂದ ಬಣ್ಣ ಬಿಡುತ್ತವೆ. ರಕ್ತದ ಕಲೆಯನ್ನಾದರೂ ತೆಗೆಯಬಹುದು, ಲೋಹದ ಕಲೆ ಸುಲಭಕ್ಕೆ ಬಿಡುವುದಿಲ್ಲ.

ಒಳಗಿನ ಕಲೆ ತೆಗೆಯಬೇಕಾದರೆ ಒಳಗೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ನೋಯುವ ಹಲ್ಲಿಗೆ ಜಗತ್ತಿನ ಹೆಚ್ಚಿನ ಕಡೆ ಇದ್ದ ಮದ್ದು ಇಕ್ಕಳ. 1836ರಲ್ಲಿ ಅಮೆರಿಕದ ಸ್ಪೂನರ್, ಹಲ್ಲಿನ ತಿರುಳನ್ನು ಸಾಯಿಸಲು ಪಾಷಾಣ ಬಳಸುವುದನ್ನು ಪ್ರಚಾರಕ್ಕೆ ತಂದ. 1838ರಲ್ಲಿ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ಅರೆದು, ಬೇರಿನ ಸಂದಿನಿಂದ ಸತ್ತ ತಿರುಳನ್ನು ಎಳೆದು ತೆಗೆಯುವ ಮುಳ್ಳಿನ ತಂತಿ ಮಾಡಿಕೊಂಡ. ತಿರುಳು ತೆಗೆದ ಮೇಲೂ ಹಲ್ಲನ್ನು ಉಳಿಸಿಕೊಳ್ಳಬಹುದು ಎಂಬ ನಂಬಿಕೆ ಮೆಲ್ಲಗೆ ಬೇರೂರಿತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು. ಉಳಿದ ಹಲ್ಲು ಕಪ್ಪಾಗಿದೆ, ಅದನ್ನೇನು ಮಾಡುವುದು?

ಉತ್ತರ ಬಂದದ್ದು ಬಟ್ಟೆಯ ಲೋಕದಿಂದ. ನಮ್ಮ ಮಡಿವಾಳರು ಚೌಳುಮಣ್ಣಿನಲ್ಲಿ ಬಟ್ಟೆ ನೆನೆಸಿ, ಉಬ್ಬೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವಿ ಬೆಳ್ಳಗೆ ಮಾಡುತ್ತಿದ್ದರು. ಯುರೋಪಿನಲ್ಲೂ ಹದಿನೆಂಟನೆಯ ಶತಮಾನದವರೆಗೆ ನಾರುಬಟ್ಟೆಯನ್ನು ಬೂದಿನೀರಿನಲ್ಲಿ ಕುದಿಸಿ, ಹುಳಿ ಮಜ್ಜಿಗೆಯಲ್ಲಿ ಅದ್ದಿ, ಹುಲ್ಲುಗಾವಲಿನಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಹಾಸುತ್ತಿದ್ದರು. 1774ರಲ್ಲಿ ಸ್ವೀಡನ್ನಿನ ಶೀಲೆ ಕ್ಲೋರಿನ್ ಅನಿಲವನ್ನು ಕಂಡ. 1785ರ ಸುಮಾರಿಗೆ ಫ್ರಾನ್ಸಿನ ಬರ್ತೊಲೆ ಅದರಿಂದ ಬಟ್ಟೆ ಬಿಳುಪಾಗುವುದನ್ನು ತೋರಿಸಿದ. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್, ಸುಣ್ಣಕ್ಕೆ ಕ್ಲೋರಿನ್ ಕುಡಿಸಿ ಮಾಡಿದ ಪುಡಿಗೆ ಪೇಟೆಂಟ್ ಪಡೆದ. ಇಂದಿಗೂ ಹಳ್ಳಿಯ ಬಾವಿಗೆ ಸುರಿಯುವ ಬ್ಲೀಚಿಂಗ್ ಪೌಡರ್ ಅದೇ. ತಿಂಗಳುಗಳ ಬಿಸಿಲಿನ ಕೆಲಸ ದಿನಗಳಿಗೆ ಇಳಿಯಿತು. 1820ರ ದಶಕದಲ್ಲಿ ಪ್ಯಾರಿಸ್ಸಿನ ಔಷಧ ವ್ಯಾಪಾರಿ ಲಬರಾಕ್ ಇದೇ ಜಾತಿಯ ದ್ರಾವಣವನ್ನು ಕೊಳೆತ ವಾಸನೆ ಹೋಗಲಾಡಿಸಲು ಬಳಸಿದ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್, ವೈದ್ಯರು ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಹಟ ಹಿಡಿದು ಬಾಣಂತಿಯರ ಸಾವನ್ನು ಇಳಿಸಿದ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಆ ಪುಡಿ ಹಲ್ಲಿನೊಳಕ್ಕೆ ಹೋಯಿತು. ಸತ್ತ ಹಲ್ಲನ್ನು ಕ್ಲೋರಿನ್ ಸುಣ್ಣದಿಂದ ಬಿಳುಪು ಮಾಡುವ ವಿಚಾರವನ್ನು ಅಮೆರಿಕದ ಡ್ವಿನೆಲ್ 1850ರಲ್ಲೇ ಬರೆದಿದ್ದ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಥೆ ಶುರುಮಾಡುವುದು ಫಿಲಡೆಲ್ಫಿಯದ ಜೇಮ್ಸ್ ಟ್ರೂಮನ್‌ನಿಂದ, 1864ರಿಂದ. ಅವನ ವಿಧಾನ ಸರಳ. ಹಲ್ಲಿನ ಹಿಂಬದಿಯಲ್ಲಿ ರಂಧ್ರ ತೆರೆದು, ತಿರುಳಿದ್ದ ಕೋಣೆಯನ್ನು ಚೊಕ್ಕಟ ಮಾಡಿ, ಬ್ಲೀಚಿಂಗ್ ಪೌಡರನ್ನು ತುಂಬಿ ಅದಕ್ಕೆ ಅಸಿಟಿಕ್ ಆಮ್ಲ ತಾಗಿಸುವುದು. ಅಸಿಟಿಕ್ ಆಮ್ಲವೆಂದರೆ ವಿನೆಗರಿನ ಹುಳಿ. ಹುಳಿ ಬಿದ್ದ ಕೂಡಲೇ ಪುಡಿ ಕ್ಲೋರಿನ್ ಬಿಡುತ್ತದೆ, ಕ್ಲೋರಿನ್ ಕೊಳವೆಗಳಿಗೆ ನುಸುಳಿ ಬಣ್ಣವನ್ನು ಒಡೆಯುತ್ತದೆ. ಗಿರಣಿಯಲ್ಲಿ ಬಟ್ಟೆಯ ಥಾನಿಗೆ ಮಾಡುತ್ತಿದ್ದುದನ್ನು ಅವನು ಅಕ್ಕಿಕಾಳಿನಷ್ಟು ಜಾಗದಲ್ಲಿ ಮಾಡಿದ.

ಅದೇ 1864ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಎಂಬ ದಂತವೈದ್ಯ ಒಂದು ತುಂಡು ರಬ್ಬರ್ ಹಾಳೆಗೆ ತೂತು ಮಾಡಿ ಅದನ್ನು ರೋಗಿಯ ಹಲ್ಲಿಗೆ ತೊಡಿಸಿದ. ಹಲ್ಲೊಂದು ಮಾತ್ರ ಹೊರಗಿಣುಕುತ್ತಿತ್ತು, ಉಳಿದ ಬಾಯಿ ಹಾಳೆಯ ಹಿಂದೆ. ಎಂಜಲು ಒಳಬರುವಂತಿಲ್ಲ, ಮದ್ದು ಗಂಟಲಿಗೆ ಇಳಿಯುವಂತಿಲ್ಲ. ಈ ರಬ್ಬರ್ ಡ್ಯಾಮ್ ಇಲ್ಲದೆ ಮುಂದೆ ಬಂದ ತೀಕ್ಷ್ಣ ರಾಸಾಯನಿಕಗಳನ್ನು ಬಾಯೊಳಗೆ ಬಳಸುವುದು ಕಷ್ಟವಿತ್ತು. ಟ್ರೂಮನ್ ಬಗ್ಗೆ ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. 1867ರಲ್ಲಿ ಹೆನ್ರಿಯೆಟ್ ಹಿರ್ಶ್‌ಫೆಲ್ಡ್ ಎಂಬ ಜರ್ಮನ್ ಮಹಿಳೆ ದಂತವೈದ್ಯಕೀಯ ಓದಲು ಫಿಲಡೆಲ್ಫಿಯಕ್ಕೆ ಬಂದಾಗ ಕಾಲೇಜಿನಲ್ಲಿ ವಿರೋಧ ಎದ್ದಿತು. ಅವಳ ಪರ ನಿಂತವನು ಟ್ರೂಮನ್. 1869ರಲ್ಲಿ ಅವಳು ಪದವಿ ಪಡೆದು ಬರ್ಲಿನ್‌ಗೆ ಮರಳಿ ವೃತ್ತಿ ನಡೆಸಿದಳು. ಕಪ್ಪು ಹಲ್ಲನ್ನು ಕಿತ್ತೆಸೆಯಬೇಕಿಲ್ಲ ಎಂದವನೇ ಹೆಣ್ಣನ್ನು ತರಗತಿಯಿಂದ ಹೊರಗಿಡಬೇಕಿಲ್ಲ ಎಂದೂ ವಾದಿಸಿದ. ಎರಡೂ ಆ ಕಾಲಕ್ಕೆ ಸುಲಭದ ಮಾತುಗಳಾಗಿರಲಿಲ್ಲ.

ಟ್ರೂಮನ್ ನಂತರದ ನಲವತ್ತು ವರ್ಷಗಳ ದಾಖಲೆ ಓದುವಾಗ ನನಗೆ ಮೈ ಜುಮ್ಮೆಂದಿತು. ಆಕ್ಸಾಲಿಕ್ ಆಮ್ಲ, ಗಂಧಕದ ಹೊಗೆಯಿಂದ ಬರುವ ಸಲ್ಫ್ಯೂರಸ್ ಆಮ್ಲ, ಅಲ್ಯೂಮಿನಿಯಂ ಕ್ಲೋರೈಡ್, ಸೋಡಿಯಂ ಪೆರಾಕ್ಸೈಡ್, ಕೊನೆಗೆ ಪೊಟ್ಯಾಸಿಯಂ ಸಯನೈಡ್ ಕೂಡ ಆ ಪಟ್ಟಿಯಲ್ಲಿದೆ. ಹಾರ್ಲನ್ ಎಂಬಾತ 1884ರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಪ್ರಯೋಗಿಸಿದ. ಅದನ್ನು ಈಥರ್‌ನಲ್ಲಿ ಕರಗಿಸಿದ ಪೈರೋಜೋನ್ ಎಂಬ ಸರಕು ಮಾರುಕಟ್ಟೆಗೆ ಬಂತು. 1895ರಲ್ಲಿ ವೆಸ್ಟ್‌ಲೇಕ್ ಅದರ ಜೊತೆಗೆ ವಿದ್ಯುತ್ತನ್ನೂ ಹರಿಸಿದ. ಅಂದಿನ ವೈದ್ಯನ ಮುಂದಿದ್ದ ಪ್ರಶ್ನೆ, ಕಲೆ ಯಾವುದರಿಂದ ಬೇಗ ಹೋದೀತು ಎಂಬುದೊಂದೇ. ಹೋದ ಮೇಲೆ ಹಲ್ಲಿಗೆ ಏನಾಗುತ್ತದೆ ಎಂದು ಹತ್ತಿಪ್ಪತ್ತು ವರ್ಷ ಕಾದು ನೋಡುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ.

ಈ ಗುಂಪಿನಲ್ಲಿ ಕೊನೆಗೆ ಗೆದ್ದದ್ದು ಹೈಡ್ರೋಜನ್ ಪೆರಾಕ್ಸೈಡ್. 1818ರಲ್ಲಿ ಪ್ಯಾರಿಸ್ಸಿನ ತೆನಾರ್ ಕಂಡುಹಿಡಿದು 'ಆಮ್ಲಜನಕ ತುಂಬಿದ ನೀರು' ಎಂದು ಕರೆದ ವಸ್ತು ಅದು. ನೀರಿಗಿಂತ ಒಂದೇ ಒಂದು ಆಮ್ಲಜನಕ ಪರಮಾಣು ಹೆಚ್ಚು, ಆ ಹೆಚ್ಚಿನದನ್ನು ಬಿಟ್ಟುಕೊಡಲು ಸದಾ ಆತುರ. ಅಣು ತೀರ ಸಣ್ಣದಾದ್ದರಿಂದ ಡೆಂಟಿನ್ ಕೊಳವೆಗಳಲ್ಲಿ ಸಲೀಸಾಗಿ ಸಾಗುತ್ತದೆ. ಬಣ್ಣ ಕಾಣಿಸುವ ಉದ್ದನೆಯ ಅಣುಗಳ ಜೋಡಿಬಂಧಗಳನ್ನು ಅದು ಮುರಿದಾಗ ಆ ಅಣುಗಳು ಬೆಳಕನ್ನು ಹೀರುವ ಗುಣ ಕಳೆದುಕೊಳ್ಳುತ್ತವೆ. ಕಲೆ ತೊಳೆದು ಹೋಯಿತು ಎನ್ನುತ್ತೇವಾದರೂ, ಬಹುಪಾಲು ಅದು ಅಲ್ಲೇ ಬಣ್ಣಗೆಟ್ಟು ಉಳಿದಿರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಶೇ. 30ರ ತೀಕ್ಷ್ಣ ದ್ರಾವಣ 'ಸೂಪರಾಕ್ಸಾಲ್' ಎಂಬ ಹೆಸರಿನಲ್ಲಿ ಸಿಗುತ್ತಿತ್ತು. ಚರ್ಮಕ್ಕೆ ತಾಗಿದರೆ ಬೆಳ್ಳಗೆ ಸುಡುವಷ್ಟು ಖಾರ. 1918ರಲ್ಲಿ ಅಬಾಟ್ ಅದಕ್ಕೆ ಪ್ರಖರ ದೀಪದ ಶಾಖವನ್ನೂ ಸೇರಿಸಿದ. ಹಲ್ಲಿನೊಳಗೆ ಸೂಪರಾಕ್ಸಾಲ್‌ನಲ್ಲಿ ಅದ್ದಿದ ಹತ್ತಿ, ಹೊರಗಿನಿಂದ ದೀಪ, ಇಲ್ಲವೆ ಒಳಗೇ ಕಾಯಿಸಿದ ಲೋಹದ ಉಪಕರಣ. ಹೀಗೆ ಕಾಯಿಸಿ ಬೆಳ್ಳಗೆ ಮಾಡುವ ಪದ್ಧತಿ ಮುಂದಿನ ಅರವತ್ತು ವರ್ಷ ಕುರ್ಚಿಯ ಪಕ್ಕದ ಮುಖ್ಯ ವಿಧಾನವಾಗಿ ಉಳಿಯಿತು.

ಅಷ್ಟರಲ್ಲಿ ಒಗೆಯುವವರ ಮನೆಯಿಂದ ಎರಡನೆಯ ಉಡುಗೊರೆ ಬಂದಿತ್ತು. 1907ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿ ಪರ್ಸಿಲ್ ಎಂಬ ಒಗೆಯುವ ಪುಡಿಯನ್ನು ಮಾರಲಾರಂಭಿಸಿತು. ಅದರಲ್ಲಿದ್ದ ಪರ್ಬೊರೇಟ್‌ನ 'ಪರ್', ಸಿಲಿಕೇಟ್‌ನ 'ಸಿಲ್' ಸೇರಿ ಆ ಹೆಸರಾಯಿತು. ಸೋಡಿಯಂ ಪರ್ಬೊರೇಟ್ ಒಣಗಿದ್ದಾಗ ಸಾಧು ಬಿಳಿ ಪುಡಿ. ನೀರು ತಾಗಿದರೆ ಮೆಲ್ಲಮೆಲ್ಲನೆ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಬಟ್ಟೆಯನ್ನು ಬಂಡೆಗೆ ಬಡಿಯಬೇಕಿಲ್ಲ, ಬಿಸಿಲಿಗೆ ಹಾಸಬೇಕಿಲ್ಲ, ಪುಡಿ ತಾನೇ ಕೆಲಸ ಮಾಡುತ್ತದೆ ಎಂಬುದು ಕಂಪನಿ ಕೊಟ್ಟ ಭರವಸೆ. 1924ರಲ್ಲಿ ಫಿಲಡೆಲ್ಫಿಯದವನೇ ಆದ ಹರ್ಮನ್ ಪ್ರಿಂಜ್ ಈ ಪರ್ಬೊರೇಟನ್ನು ಸೂಪರಾಕ್ಸಾಲ್ ಜೊತೆ ಕಲಸಿ, ಕಾಯಿಸಿ, ಹಲ್ಲಿನೊಳಗೆ ಬಳಸಲು ಸೂಚಿಸಿದ. ತಣ್ಣಗೆ ಕೆಲಸ ಮಾಡಬಲ್ಲ ಪುಡಿ ಸಿಕ್ಕಿದ್ದರೂ ಅದನ್ನೂ ಕಾಯಿಸಬೇಕು ಎಂದೇ ಆ ಕಾಲದ ಬುದ್ಧಿಗೆ ತೋಚಿತು.

ಆದರೆ ಪ್ರಿಂಜ್ ಬರೆಯುತ್ತಿದ್ದ ಕಾಲ ಸತ್ತ ಹಲ್ಲುಗಳಿಗೆ ಒಳ್ಳೆಯ ಕಾಲವಾಗಿರಲಿಲ್ಲ. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ, ಕೊಳೆತ ಹಲ್ಲಿನ ಬುಡಗಳ ಮೇಲೆ ಚಿನ್ನದ ಕಟ್ಟಡ ಕಟ್ಟುವ ದಂತವೈದ್ಯರೇ ಅನೇಕ ರೋಗಗಳಿಗೆ ಕಾರಣ ಎಂದು ಕಿಡಿಕಾರಿದ. ಕೀಲುನೋವು, ಹೃದ್ರೋಗ, ಮೂತ್ರಪಿಂಡದ ತೊಂದರೆ ಎಲ್ಲಕ್ಕೂ ಮೂಲ ಬಾಯೊಳಗಿನ ಸೋಂಕಿನ ಗೂಡು ಎಂಬ ವಾದ ಹಬ್ಬಿತು. ಆಗಷ್ಟೇ ಬಳಕೆಗೆ ಬಂದಿದ್ದ ಎಕ್ಸ್‌ರೇ ಬೇರಿನ ತುದಿಯ ನೆರಳುಗಳನ್ನು ತೋರಿಸಿ ಆ ಭಯಕ್ಕೆ ತುಪ್ಪ ಸುರಿಯಿತು. ತಿರುಳಿಲ್ಲದ ಹಲ್ಲುಗಳನ್ನೆಲ್ಲ ಕೀಳುವುದೇ ಸರಿ ಎಂಬ ಪಂಥ ಹುಟ್ಟಿತು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಹಲ್ಲೇ ಮೂಲ ಎಂದು ನಂಬಿ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದ. ಅಷ್ಟಕ್ಕೇ ನಿಲ್ಲದೆ ಕರುಳಿಗೂ ಕತ್ತರಿ ಹಾಕಿದ, ಅನೇಕರು ಸತ್ತರು. ಹಲ್ಲಿನ ಬಣ್ಣ ಸರಿಪಡಿಸುವ ಚರ್ಚೆಗೆ ಅರ್ಥ ಬರಬೇಕಾದರೆ ಮೊದಲು ಹಲ್ಲು ಬಾಯಲ್ಲಿರಬೇಕಲ್ಲ. ಹಲ್ಲು ಕೀಳುವ ಈ ಆವೇಶ ಇಳಿಯಲು ಮೂರು ದಶಕ ಹಿಡಿಯಿತು. ಕಿತ್ತ ಮೇಲೂ ರೋಗಗಳು ಹಾಗೇ ಉಳಿದದ್ದು ಎಣಿಕೆಗೆ ಸಿಕ್ಕಿತು, ಬೇರಿನ ಚಿಕಿತ್ಸೆಯನ್ನು ಶುಚಿಯಾಗಿ ಮಾಡಿದರೆ ಸೋಂಕು ವಾಸಿಯಾಗುತ್ತದೆಂಬುದೂ ಗೊತ್ತಾಯಿತು. 1943ರಲ್ಲಿ ಬೇರಿನ ಚಿಕಿತ್ಸೆ ಮಾಡುವ ಅಮೆರಿಕದ ವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು. 1963ರಲ್ಲಿ ಅದಕ್ಕೆ ಅಲ್ಲಿ ಪ್ರತ್ಯೇಕ ತಜ್ಞವಿಭಾಗದ ಮನ್ನಣೆ ದೊರೆಯಿತು.

ಒಳಬಿಳುಪಿನ ಇತಿಹಾಸ ತಿರುಗಿದ್ದೂ ಈ ವರ್ಷಗಳಲ್ಲೇ. 1961ರಲ್ಲಿ ಸ್ಪಾಸರ್ ಎಂಬ ದಂತವೈದ್ಯ ಒಂದು ಸರಳ ಉಪಾಯವನ್ನು ಪ್ರಕಟಿಸಿದ. ಪರ್ಬೊರೇಟ್ ಪುಡಿಯನ್ನು ಬರಿಯ ನೀರಿನಲ್ಲಿ ಕಲಸಿ ಹಲ್ಲಿನೊಳಗೆ ತುಂಬಿ, ಬಾಯಿ ಮುಚ್ಚಿ, ರೋಗಿಯನ್ನು ಮನೆಗೆ ಕಳಿಸುವುದು. ದೀಪವಿಲ್ಲ, ಕಾವಿಲ್ಲ. 1963ರಲ್ಲಿ ನಟಿಂಗ್ ಮತ್ತು ಪೋ ಎಂಬಿಬ್ಬರು ನೀರಿನ ಬದಲು ಸೂಪರಾಕ್ಸಾಲ್ ಹಾಕಿ ಇನ್ನೂ ಬೇಗ ಫಲ ಪಡೆದರು. ರೋಗಿ ತನ್ನ ಪಾಡಿಗೆ ಓಡಾಡಿಕೊಂಡಿರುವಾಗಲೇ ಒಳಗೆ ಬಿಳುಪಾಗುತ್ತಿರುವುದರಿಂದ ಇದಕ್ಕೆ 'ವಾಕಿಂಗ್ ಬ್ಲೀಚ್' ಎಂದು ಹೆಸರಾಯಿತು. ನಮ್ಮ ಅಡುಗೆಮನೆ, ಬಚ್ಚಲುಮನೆಗಳ ಮಾತಿನಲ್ಲಿ ಹೇಳುವುದಾದರೆ ಇದು ಬರಿಯ ನೆನೆಹಾಕುವ ಕೆಲಸ. ರಾತ್ರಿ ನೆನೆಹಾಕಿದ ಬಟ್ಟೆಯ ಕೊಳೆ ಬೆಳಿಗ್ಗೆ ತಾನಾಗಿ ಸಡಿಲವಾಗುವುದು ಎಲ್ಲ ಮನೆಯ ಹೆಂಗಸರಿಗೂ ಗೊತ್ತಿತ್ತು. ದಂತವೈದ್ಯಕೀಯ ಅದನ್ನು ಒಪ್ಪಿಕೊಳ್ಳಲು ಪರ್ಸಿಲ್ ಬಂದು ಅರ್ಧ ಶತಮಾನ ಕಳೆಯಬೇಕಾಯಿತು.

ಈ ಇಸವಿಗಳನ್ನು ಬರೆದುಕೊಳ್ಳುವಾಗ ನನಗೆ ನೆನಪಾದವರು ನನ್ನ ಸೋದರತ್ತೆ. ಹನ್ನೊಂದರ ವಯಸ್ಸಿನಲ್ಲಿ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಅವರ ಮುಂಬಲ್ಲಿಗೆ ಪೆಟ್ಟಾಗಿತ್ತು. ಹಲ್ಲು ಅಲುಗಾಡಿ ಮತ್ತೆ ನಿಂತಿತು, ಆಮೇಲೆ ಕಪ್ಪಾಯಿತು. ಹೆಣ್ಣು ನೋಡಲು ಬಂದವರೆದುರು ತಲೆ ಬಗ್ಗಿಸಿ ಕೂರಬೇಕು, ಬಾಯಿ ಬಿಡಬಾರದು ಎಂದು ಹಿರಿಯರು ತಾಕೀತು ಮಾಡುತ್ತಿದ್ದರಂತೆ. 1966ರ ಅವರ ಮದುವೆಯ ಫೋಟೋ ನಮ್ಮ ಮನೆಯಲ್ಲಿದೆ. ತುಟಿ ಬಿಗಿದು ನಿಂತಿದ್ದಾರೆ. ಆಮೇಲಿನ ಚಿತ್ರಗಳಲ್ಲೆಲ್ಲ ನಗು ಬಂದಾಗ ಸೆರಗು ಬಾಯಿಗೆ ಹೋಗಿದೆ. ಆ ಫೋಟೋ ತೆಗೆದಾಗ ವಾಕಿಂಗ್ ಬ್ಲೀಚ್ ಪ್ರಕಟವಾಗಿ ಮೂರು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲೇ ಶುರುವಾಗಿತ್ತು, ಮಣಿಪಾಲದ್ದು 1965ರಲ್ಲಿ. ಪುಡಿ, ನೀರು, ಒಂದಿಷ್ಟು ಸಿಮೆಂಟು ಇಷ್ಟೇ ಬೇಕಾಗಿದ್ದ ಈ ಚಿಕಿತ್ಸೆ ನಮ್ಮೂರಿಗೆ ಮಾತ್ರ ಬಂದಿರಲಿಲ್ಲ. ನಲವತ್ತರ ಹೊತ್ತಿಗೆ ಅವರು ಆ ಹಲ್ಲನ್ನು ಕೀಳಿಸಿ ಕಟ್ಟಿಸಿಕೊಂಡರು. ವೈದ್ಯಕೀಯ ಇತಿಹಾಸದಲ್ಲಿ ಒಂದು ವಿಧಾನದ ಇಸವಿ ಎಂದರೆ ಯಾರೋ ಒಬ್ಬರು ಅದನ್ನು ಬರೆದ ಇಸವಿ. ಅದು ಒಂದು ಬಾಯಿಯನ್ನು ಮುಟ್ಟಿದ ಇಸವಿ ಬೇರೆಯೇ ಇರುತ್ತದೆ, ಅದನ್ನು ಯಾರೂ ಬರೆದಿಡುವುದಿಲ್ಲ.

ಹಾಗೆಂದು ಆ ಚಿಕಿತ್ಸೆ ಸಿಕ್ಕವರೆಲ್ಲ ಪುಣ್ಯವಂತರಾಗಿರಲಿಲ್ಲ. 1979ರಲ್ಲಿ ಅಮೆರಿಕದ ಹ್ಯಾರಿಂಗ್ಟನ್ ಮತ್ತು ನ್ಯಾಟ್ಕಿನ್ ಒಂದು ಆತಂಕದ ವರದಿ ಪ್ರಕಟಿಸಿದರು. ಒಳಗಿನಿಂದ ಬಿಳುಪು ಮಾಡಿಸಿಕೊಂಡಿದ್ದ ಕೆಲವು ಹಲ್ಲುಗಳ ಬೇರು, ವರ್ಷಗಳ ನಂತರ, ಒಸಡಿನ ಅಂಚಿನ ಹತ್ತಿರ ಕರಗುತ್ತಿತ್ತು. ಮೂಳೆಯನ್ನು ಕರಗಿಸುವ ಜಾತಿಯ ಜೀವಕೋಶಗಳು ಹೊರಗಿನಿಂದ ಬೇರನ್ನು ಕೊರೆಯುತ್ತಿದ್ದವು. ಹಲ್ಲಿನ ನರ ಸತ್ತಿರುವುದರಿಂದ ನೋವಿಲ್ಲ. ಹೊರಗೆ ಹಲ್ಲು ಬೆಳ್ಳಗೆ, ಚೆಂದಕ್ಕೆ ನಗುತ್ತಿರುತ್ತದೆ. ಎಕ್ಸ್‌ರೇ ತೆಗೆದಾಗಲೋ, ಹಲ್ಲು ಬುಡದಲ್ಲಿ ಮುರಿದಾಗಲೋ ಗೊತ್ತಾಗುತ್ತದೆ. ಗೆದ್ದಲು ತಿಂದ ಕಂಬದ ಮೇಲೆ ಸುಣ್ಣ ಬಳಿದಂತಿತ್ತು ಸ್ಥಿತಿ.

ಮುಂದಿನ ಹದಿನೈದು ವರ್ಷ ಸಂಶೋಧಕರು ಇದರ ಕಾರಣ ಹುಡುಕಿದರು. ಹಲ್ಲಿನ ಕುತ್ತಿಗೆಯಲ್ಲಿ, ಎಂದರೆ ಎನಾಮಲ್ ಮುಗಿದು ಬೇರಿನ ಹೊದಿಕೆ ಶುರುವಾಗುವ ಕಡೆ, ಸುಮಾರು ಹತ್ತರಲ್ಲೊಂದು ಹಲ್ಲಿನಲ್ಲಿ ಎರಡೂ ಕೂಡುವುದಿಲ್ಲ, ನಡುವೆ ಡೆಂಟಿನ್ ಬರಿಮೈಯಾಗಿರುತ್ತದೆ. ಒಳಗೆ ತುಂಬಿದ ತೀಕ್ಷ್ಣ ಪೆರಾಕ್ಸೈಡ್ ಕೊಳವೆಗಳ ಮೂಲಕ ಆ ಬಿರುಕಿನಿಂದ ಹೊರಗೆ ಸೋರಿ ಸುತ್ತಲ ಅಂಗಾಂಶವನ್ನು ಕೆರಳಿಸುತ್ತದೆ. ಹಿಂದೆ ಪೆಟ್ಟು ಬಿದ್ದು ಬೇರಿನ ಹೊದಿಕೆ ಕಿತ್ತಿದ್ದರೆ ಅಪಾಯ ಹೆಚ್ಚು. ಕಾಯಿಸಿದರೆ ಇನ್ನೂ ಹೆಚ್ಚು, ಏಕೆಂದರೆ ಶಾಖ ಸೋರಿಕೆಯನ್ನು ಚುರುಕುಗೊಳಿಸುತ್ತದೆ. ವರದಿಯಾದ ಪ್ರಕರಣಗಳಲ್ಲಿ ಶೇ. 30ರ ದ್ರಾವಣ, ಶಾಖ, ಹಿಂದಿನ ಪೆಟ್ಟು ಇವು ಮತ್ತೆಮತ್ತೆ ಕಾಣಿಸಿಕೊಂಡವು. 1918ರಿಂದ ಯಾವುದನ್ನು ಶಕ್ತಿ ಎಂದು ಎಣಿಸಲಾಗಿತ್ತೋ ಅದೇ ಬೇರಿಗೆ ಮುಳುವಾಗಿತ್ತು.

ಇಲ್ಲಿಂದ ಮುಂದಿನ ಕಥೆ ಹಿಂದಕ್ಕೆ ನಡೆದದ್ದರ ಕಥೆ. 1990ರ ದಶಕದ ಆರಂಭದಲ್ಲಿ ಇಲಾನ್ ರೊಟ್‌ಸ್ಟೈನ್ ಮತ್ತು ಸಂಗಡಿಗರು ಪರ್ಬೊರೇಟನ್ನು ಸೂಪರಾಕ್ಸಾಲ್‌ನಲ್ಲೂ ನೀರಿನಲ್ಲೂ ಕಲಸಿ, ಕಿತ್ತ ಹಲ್ಲುಗಳ ಮೇಲೆ ಹೋಲಿಸಿ ನೋಡಿದರು. ಕೊನೆಯ ಬಿಳುಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀರಿನದು ತುಸು ನಿಧಾನ, ಅಷ್ಟೇ. ಸ್ಪಾಸರ್‌ನ ಬರಿಯ ನೀರು ಮೂವತ್ತು ವರ್ಷದ ಮೇಲೆ ಮತ್ತೆ ಪಾಠಪುಸ್ತಕಕ್ಕೆ ಬಂತು. ಅದರ ಜೊತೆಗೆ ಒಂದು ಗೋಡೆಯೂ ಬಂತು. ಈಗ ಬೇರಿನೊಳಗಿನ ತುಂಬುವಸ್ತುವನ್ನು ಹಲ್ಲಿನ ಕುತ್ತಿಗೆಯಿಂದ ಒಂದೆರಡು ಮಿಲಿಮೀಟರ್ ಕೆಳಗಿನವರೆಗೆ ತೆಗೆದು, ಅದರ ಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ ಸಿಮೆಂಟಿನ ತಡೆ ಕಟ್ಟುತ್ತಾರೆ. ಬಿಳುಪಿನ ಮದ್ದು ಆ ಗೋಡೆಯ ಮೇಲೇ ಉಳಿಯಬೇಕು. ಆಮೇಲೆ ಪರ್ಬೊರೇಟನ್ನು ನೀರಿನಲ್ಲಿ ಒದ್ದೆ ಮರಳಿನ ಹದಕ್ಕೆ ಕಲಸಿ ತುಂಬಿ, ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚುತ್ತಾರೆ. ಮೂರರಿಂದ ಏಳು ದಿನ ಬಿಟ್ಟು ತೆರೆದು ನೋಡುತ್ತಾರೆ, ಸಾಲದಿದ್ದರೆ ಮತ್ತೆ ತುಂಬುತ್ತಾರೆ. ಸಾಮಾನ್ಯವಾಗಿ ಮೂರು ನಾಲ್ಕು ಸಲಕ್ಕೆ ಆಗುವಷ್ಟು ಆಗಿರುತ್ತದೆ. ಬಿಳುಪಾದ ಕೂಡಲೇ ಶಾಶ್ವತ ಫಿಲ್ಲಿಂಗ್ ಹಾಕುವಂತಿಲ್ಲ. ಒಳಗೆ ಉಳಿದ ಆಮ್ಲಜನಕ ಅಂಟನ್ನು ಸರಿಯಾಗಿ ಹಿಡಿಯಗೊಡುವುದಿಲ್ಲವಾದ್ದರಿಂದ ಒಂದೆರಡು ವಾರ ಕಾಯುತ್ತಾರೆ.

ಇದೂ ಕೊನೆಯ ಮಾತಲ್ಲ. ಪರ್ಬೊರೇಟ್ ಸಂತಾನಶಕ್ತಿಗೂ ಗರ್ಭದ ಶಿಶುವಿಗೂ ಹಾನಿ ಮಾಡಬಲ್ಲದೆಂದು ವರ್ಗೀಕರಿಸಿ ಯುರೋಪಿನ ಒಕ್ಕೂಟ 2010ರ ಡಿಸೆಂಬರಿನಿಂದ ಅದನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಅಲ್ಲಿನ ವೈದ್ಯರು ಹೆಚ್ಚಾಗಿ ಕಾರ್ಬಮೈಡ್ ಪೆರಾಕ್ಸೈಡ್ ಕಡೆ ತಿರುಗಿದ್ದಾರೆ. ಅದರ ಶೇ. 10ರ ಲೇಪ ಕೊಡುವುದು ಸುಮಾರು ಶೇ. 3.5ರ ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ. ಮೊದಲಿನ ಶೇ. 30ರಿಂದ ಎಷ್ಟು ದೂರ ಬಂದಿದ್ದೇವೆ ನೋಡಿ. ಬಿಳುಪಾದ ಹಲ್ಲು ಸದಾಕಾಲ ಹಾಗೇ ಉಳಿಯುತ್ತದೆಂಬ ಖಾತರಿಯೂ ಇಲ್ಲ. ಕೆಲವರಲ್ಲಿ ವರ್ಷಗಳ ನಂತರ ಬಣ್ಣ ಮರಳುತ್ತದೆ, ಮತ್ತೆ ನೆನೆಹಾಕಬೇಕಾಗುತ್ತದೆ. ಮನೆಯಲ್ಲೇ ಮಾಡಿಕೊಳ್ಳುವಂಥದ್ದಂತೂ ಇದಲ್ಲ. ಬೇರಿನ ಚಿಕಿತ್ಸೆ ಗಟ್ಟಿಯಾಗಿರಬೇಕು, ತಡೆಗೋಡೆ ಸರಿಯಾಗಿ ಕೂರಬೇಕು, ಆಮೇಲೂ ಆಗಾಗ ಎಕ್ಸ್‌ರೇ ತೆಗೆಸಿ ಬೇರನ್ನು ನೋಡಿಸಿಕೊಳ್ಳಬೇಕು.

ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವಸರದ ಬೆಲೆ. ಕ್ಲೋರಿನ್, ಸಯನೈಡ್, ವಿದ್ಯುತ್ತು, ದೀಪ, ಕಾಯಿಸಿದ ಲೋಹ ಇವೆಲ್ಲವನ್ನೂ ಪ್ರಯತ್ನಿಸಿದ್ದು ರೋಗಿ ಕುರ್ಚಿಯಿಂದ ಏಳುವುದರೊಳಗೆ ಹಲ್ಲು ಬೆಳ್ಳಗಾಗಲಿ ಎಂದು. ಬೇರು ಉಳಿಯುವುದು ಮುಖ್ಯವೆಂದು ಕಂಡ ದಿನದಿಂದ ಮದ್ದು ತೆಳುವಾಗುತ್ತ, ಕಾಯುವ ದಿನಗಳು ಹೆಚ್ಚುತ್ತ ಬಂದವು. ಈಗ ನಗರಗಳ ಬೀದಿಬೀದಿಯಲ್ಲಿ ಒಂದು ಗಂಟೆಯಲ್ಲಿ ಮುತ್ತಿನಂಥ ಹಲ್ಲು ಎಂಬ ಫಲಕಗಳು ತೂಗುತ್ತಿವೆ. ಅವು ಹೆಚ್ಚಾಗಿ ಜೀವಂತ ಹಲ್ಲಿನ ಹೊರಮೈಗೆ ಸಂಬಂಧಪಟ್ಟವು, ಅವುಗಳ ಲೆಕ್ಕ ಬೇರೆ. ಸತ್ತ ಹಲ್ಲಿನ ವಿಷಯದಲ್ಲಿ ಮಾತ್ರ, ಅದನ್ನು ಬೆಳ್ಳಗೆ ಮಾಡಿಕೊಡುತ್ತೇನೆಂದ ವೈದ್ಯರನ್ನು ಎಷ್ಟು ಹೊತ್ತಿನಲ್ಲಿ ಆಗುತ್ತದೆ ಎಂದು ಕೇಳುವ ಮೊದಲು, ಒಳಗೆ ಗೋಡೆ ಕಟ್ಟುತ್ತೀರಾ ಎಂದು ಕೇಳುವುದು ಒಳ್ಳೆಯದು.